ರಿಪೋರ್ಟಿನ ಸಾಲಿನಿಂದ ಎಕ್ಸೆಲ್ ಕಾಲಮ್ಮಿಗೆ: ಯಾವ ದಾರಿ ಹಿಡಿಯೋದು?

ಒಂದು ಸಣ್ಣ ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನನ್ನು ಒಂದು ಲೆಕ್ಕ ಕೇಳಿದರು. ಹಿಂದಿನ ಮೂರು ವರ್ಷದ ಎದೆ ಸಿಟಿ ಸ್ಕ್ಯಾನ್ ರಿಪೋರ್ಟುಗಳಲ್ಲಿ ಎಷ್ಟು ಜನಕ್ಕೆ ಪ್ಲೂರಲ್ ಎಫ್ಯೂಷನ್, ಅಂದ್ರೆ ಶ್ವಾಸಕೋಶದ ಸುತ್ತ ನೀರು, ಇತ್ತು? ಇದೇನು ಮಹಾ ಅಂತ ‘ಎಫ್ಯೂಷನ್’ ಪದವನ್ನು ಸರ್ಚಿಗೆ ಕೊಟ್ಟೆ. ಹೆಚ್ಚುಕಡಿಮೆ ಎಲ್ಲಾ ರಿಪೋರ್ಟೂ ಬಂತು. ಊರಿಗೆ ಊರೇ ಎದೆಯಲ್ಲಿ ನೀರು ತುಂಬಿಕೊಂಡ ಹಾಗೆ! ಆಮೇಲೆ ತೆರೆದು ನೋಡಿದರೆ ಪ್ರತಿಯೊಂದರಲ್ಲೂ ‘ನೋ ಪ್ಲೂರಲ್ ಎಫ್ಯೂಷನ್’ ಅಂತ ಬರೆದಿತ್ತು. ರೇಡಿಯಾಲಜಿಸ್ಟುಗಳು ಇದ್ದದ್ದನ್ನು ಬರೆದ ಹಾಗೆ ಇಲ್ಲದ್ದನ್ನೂ ಬರೆಯುತ್ತಾರೆ. ಅದು ಅವರ ಕೆಲಸದ ಭಾಗ.

ಈಗ ಯಾರು ಯಾವ ಸಾಫ್ಟ್‌ವೇರ್ ತಂದು ತೋರಿಸಿದರೂ ನಾನು ಒಂದೇ ಕೇಳುತ್ತೇನೆ: ಇದು ತಪ್ಪುವಾಗ ಹೇಗೆ ತಪ್ಪುತ್ತದೆ, ಆ ತಪ್ಪು ಯಾರ ಕಣ್ಣಿಗೆ ಬೀಳುತ್ತದೆ? ಡಾಕ್ಟರು ವಾಕ್ಯದಲ್ಲಿ ಬರೆದದ್ದನ್ನು ಕಾಲಮ್ಮುಗಳಲ್ಲಿ ಕೂರಿಸೋಕೆ ಇವತ್ತು ನಾಲ್ಕೈದು ದಾರಿ ಇವೆ. ಎಲ್ಲವೂ ತಪ್ಪುತ್ತವೆ, ಒಂದೊಂದು ಒಂದೊಂದು ಥರ. ಆಸ್ಪತ್ರೆಯ ಐಟಿ ವಿಭಾಗದವರು, ಲ್ಯಾಬ್ ನಡೆಸುವವರು, ಎಂಆರ್‌ಡಿಯಿಂದ (ಆಸ್ಪತ್ರೆಯ ದಾಖಲೆ ವಿಭಾಗ) ಹಳೇ ಫೈಲು ತೆಗೆಸಿಕೊಂಡು ಥೀಸಿಸ್ ಬರೆಯುವ ಪಿಜಿ ವಿದ್ಯಾರ್ಥಿಗಳು, ಇವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ.

ಎಲ್ಲಾ ದಾರಿಯಲ್ಲೂ ಓಡಿಸಿ ನೋಡೋಕೆ ಒಂದು ಚಿಕ್ಕ ರಿಪೋರ್ಟ್ ಇಟ್ಟುಕೊಳ್ಳೋಣ. ನಾನೇ ಕಟ್ಟಿದ್ದು, ಯಾವ ರೋಗಿಯದೂ ಅಲ್ಲ. ಇಂಗ್ಲಿಷ್ ರಿಪೋರ್ಟನ್ನೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ:

‘ಕೆ/ಸಿ/ಒ ಡಯಾಬಿಟಿಸ್. 8 ಎಂಎಂ ನಾಡ್ಯೂಲ್ ಇನ್ ರೈಟ್ ಅಪ್ಪರ್ ಲೋಬ್, ಪ್ರೀವಿಯಸ್ಲಿ 6 ಎಂಎಂ. ನೋ ಪ್ಲೂರಲ್ ಎಫ್ಯೂಷನ್. ಕೋಚ್ಸ್ ಕೆನಾಟ್ ಬಿ ರೂಲ್ಡ್ ಔಟ್.’

ನಾಲ್ಕೇ ಸಾಲು. ‘ಕೆ/ಸಿ/ಒ’ ಅಂದರೆ ‘ನೋನ್ ಕೇಸ್ ಆಫ್’, ಮೊದಲೇ ಗೊತ್ತಿರುವ ಕಾಯಿಲೆ. ನಾಡ್ಯೂಲ್ ಅಂದರೆ ಸಣ್ಣ ಗಂಟು. ಕೋಚ್ಸ್ ಅಂದರೆ ಟಿಬಿ, ಅದು ಇಲ್ಲ ಅಂತ ಹೇಳೋಕೆ ಆಗೋದಿಲ್ಲ ಅನ್ನುತ್ತದೆ ಕೊನೇ ಸಾಲು. ಇದರಲ್ಲಿ ಒಂದು ಹಳೇ ಕಾಯಿಲೆ ಇದೆ, ಎರಡು ಅಳತೆ ಇವೆ, ಅದರಲ್ಲಿ ಒಂದು ಇವತ್ತಿನದಲ್ಲ. ಒಂದು ‘ಇಲ್ಲ’ ಇದೆ. ಕೊನೆಗೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವಂಥ ಒಂದು ಸಾಲು ಇದೆ. ಇಷ್ಟನ್ನು ಸರಿಯಾಗಿ ಬಿಡಿಸಿದರೆ ಆ ಸಾಧನ ಪಾಸು.

ಹೋಲಿಕೆಗೆ ಮುಂಚೆ: ನಿಮ್ಮ ಹತ್ತಿರ ಇರೋದು ಪಠ್ಯವೋ, ಪಠ್ಯದ ಫೋಟೋವೋ?

ಇದನ್ನು ಬೇಗ ಮುಗಿಸುತ್ತೇನೆ, ಆದರೆ ಬಿಡೋ ಹಾಗಿಲ್ಲ. ರಿಪೋರ್ಟ್ ಪಿಡಿಎಫ್ ತೆರೆದು ಮೌಸಿನಲ್ಲಿ ಅಕ್ಷರ ಆರಿಸಿ ನೋಡಿ. ಆರಿಸೋಕೆ ಬಂದರೆ ಅದೃಷ್ಟ. ಬರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಮೊದಲು ಓಸಿಆರ್, ಅಂದರೆ ಚಿತ್ರದಿಂದ ಅಕ್ಷರ ಓದಿಸೋ ಕೆಲಸ, ಆಗಬೇಕು. ಓಸಿಆರಿನಲ್ಲಿ ‘1.5 ಸೆಂಮೀ’ ಇದ್ದದ್ದು ಚುಕ್ಕಿ ಬಿಟ್ಟು ‘15 ಸೆಂಮೀ’ ಆಗುತ್ತದೆ. ಕಿಡ್ನಿ ಕಲ್ಲು ಒಂದೇ ಏಟಿಗೆ ತೆಂಗಿನಕಾಯಿ ಗಾತ್ರಕ್ಕೆ ಬೆಳೆಯುತ್ತದೆ. ಆದ್ದರಿಂದ ಪ್ರತಿ ಅಳತೆಗೂ ಇಂತಿಷ್ಟರಿಂದ ಇಂತಿಷ್ಟು ಅಂತ ಗಡಿ ಹಾಕಿ, ಅದನ್ನು ದಾಟಿದ್ದನ್ನು ಕೈಯಲ್ಲಿ ನೋಡಿ. ಮುಂದೆ ನೀವು ಯಾವ ದಾರಿ ಹಿಡಿದರೂ ಈ ಗಡಿ ಬೇಕೇ ಬೇಕು.

ದಾರಿ ಸೊನ್ನೆ: ಡಾಕ್ಟರೇ ಕಾಲಮ್ಮಿನಲ್ಲಿ ಬರೆಯಲಿ

ಕಂಪ್ಯೂಟರಿನವರು ಮರೆತುಬಿಡುವ ದಾರಿ ಇದು. ಮ್ಯಾಮೊಗ್ರಾಮಿಗೆ (ಸ್ತನದ ಎಕ್ಸ್‌ರೇ) ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಮಾಡಿದ ಬೈ-ರಾಡ್ಸ್ ಇದೆ. ರಿಪೋರ್ಟಿನ ಕೊನೆಗೆ 0ಯಿಂದ 6ರ ತನಕ ಒಂದು ಅಂಕಿ ಕೊಟ್ಟರೆ ಮುಂದೇನು ಮಾಡಬೇಕು ಅಂತ ಜಗತ್ತಿನ ಯಾವ ಡಾಕ್ಟರಿಗೂ ಗೊತ್ತಾಗುತ್ತದೆ. ಕ್ಯಾನ್ಸರ್ ಪೆಥಾಲಜಿಯಲ್ಲೂ ಗೆಡ್ಡೆಯ ಗಾತ್ರ, ಗ್ರೇಡ್, ಅಂಚು, ಲಿಂಫ್ ನೋಡ್ ಅಂತ ಪಟ್ಟಿಯ ಹಾಗೆ ಬರೆಯುವ ಸಿನಾಪ್ಟಿಕ್ ರಿಪೋರ್ಟ್ ಇದೆ.

ಮುಂದೆ ಬರುವ ರಿಪೋರ್ಟುಗಳಿಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಮಷೀನು ಊಹೆ ಮಾಡೋ ಪ್ರಶ್ನೆಯೇ ಬರೋದಿಲ್ಲ. ಆದರೆ ಹಳೇ ಕಪಾಟಿನಲ್ಲಿರುವ ರಿಪೋರ್ಟಿಗೆ ಇದು ಏನೂ ಮಾಡದು. ಇನ್ನೊಂದು ಕಷ್ಟ: ದಿನಕ್ಕೆ ಎಂಬತ್ತು ಅಲ್ಟ್ರಾಸೌಂಡ್ ಮಾಡುವ ಡಾಕ್ಟರಿಗೆ ಇಪ್ಪತ್ತು ಡ್ರಾಪ್‌ಡೌನ್ ಕೊಟ್ಟರೆ ಅವರು ಇಪ್ಪತ್ತರಲ್ಲೂ ‘ನಾರ್ಮಲ್’ ಒತ್ತಿ ಮುಂದೆ ಹೋಗುತ್ತಾರೆ. ಟೆಂಪ್ಲೇಟ್ ಕಾಪಿ ಮಾಡಿದ್ದರಿಂದ ಗಂಡಸಿನ ರಿಪೋರ್ಟಿನಲ್ಲಿ ‘ಯೂಟೆರಸ್ ನಾರ್ಮಲ್’ ಬಂದ ಕಥೆ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ನನ್ನನ್ನು ಕೇಳಿದರೆ ಒಂದೋ ಎರಡೋ ಕಾಲಮ್ ಮಾತ್ರ ಕಡ್ಡಾಯ ಮಾಡಿ. ಬಾಕಿಯನ್ನು ವಾಕ್ಯದಲ್ಲೇ ಬರೆಯಲು ಬಿಡಿ.

ದಾರಿ ಒಂದು: ನಿಯಮ ಬರೆಯೋದು

ಅಂದರೆ ‘ಎಂಎಂ’ ಪದದ ಹಿಂದಿರುವ ಅಂಕಿ ಎತ್ತು, ‘ನೋ’ ಪದದ ಮುಂದಿನ ಐದು ಪದದೊಳಗೆ ಕಾಯಿಲೆ ಹೆಸರು ಬಂದರೆ ಅದನ್ನು ‘ಇಲ್ಲ’ ಅಂತ ಗುರುತು ಮಾಡು, ಈ ಥರ. ಹಳೇ ಕಾಲದ್ದು ಅಂತ ಮೂಗು ಮುರಿಯಬೇಡಿ. 2001ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವೆಂಡಿ ಚಾಪ್‌ಮನ್ ಮತ್ತು ಜೊತೆಗಾರರು ನೆಗ್‌ಎಕ್ಸ್ ಅನ್ನೋ ಪುಟ್ಟ ವಿಧಾನ ಪ್ರಕಟಿಸಿದರು. ‘ನೋ’, ‘ಡಿನೈಸ್’, ‘ವಿದೌಟ್’ ಇಂಥ ಪದಗಳ ಒಂದು ಪಟ್ಟಿ, ಅವುಗಳ ಹಿಡಿತ ಎಷ್ಟು ದೂರ ಅನ್ನೋ ಒಂದು ನಿಯಮ. ಹೆಚ್ಚುಕಡಿಮೆ ಅಷ್ಟೇ. ಇವತ್ತಿಗೂ ಬಳಕೆಯಲ್ಲಿದೆ. ಅದೇ ಗುಂಪಿನ ಮುಂದಿನ ಕೆಲಸವಾದ ಕಾಂಟೆಕ್ಸ್ಟ್, ‘ಇದು ಹಳೇದೋ ಈಗಿನದೋ’, ‘ಇದು ರೋಗಿಗೋ ಅವರ ಅಪ್ಪನಿಗೋ’ ಅನ್ನೋದನ್ನೂ ನೋಡುತ್ತದೆ.

ನಿಯಮದ ದೊಡ್ಡ ಗುಣ ಅಂದ್ರೆ, ಅದು ತಪ್ಪಿದಾಗ ಯಾಕೆ ತಪ್ಪಿತು ಅಂತ ಬೆರಳಿಟ್ಟು ತೋರಿಸಬಹುದು. ಇವತ್ತು ಕೊಟ್ಟ ಉತ್ತರವನ್ನೇ ನಾಳೆಯೂ ಕೊಡುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ರೋಗಿಯ ಮಾಹಿತಿ ಆಸ್ಪತ್ರೆ ಬಿಟ್ಟು ಹೊರಗೆ ಹೋಗೋದಿಲ್ಲ.

ಇನ್ನು ಅದರ ಅವತಾರಗಳು. ನಮ್ಮ ಪರೀಕ್ಷಾ ರಿಪೋರ್ಟಿನ ಕೊನೇ ಸಾಲು ನೋಡಿ. ‘ರೂಲ್ಡ್ ಔಟ್’ ಅಂದರೆ ಆ ಕಾಯಿಲೆ ಇಲ್ಲ ಅಂತ ನಿಯಮ ಬರೆದಿರುತ್ತೀರಿ. ಹಿಂದೆ ‘ಕೆನಾಟ್ ಬಿ’ ಇರೋದನ್ನು ಮರೆತರೆ, ಟಿಬಿ ಇರಬಹುದು ಅಂತ ಡಾಕ್ಟರು ಬರೆದದ್ದು ‘ಟಿಬಿ ಇಲ್ಲ’ ಆಗಿಬಿಡುತ್ತದೆ. ಒಂದೇ ನಿಯಮ, ಅರ್ಥ ಪೂರ್ತಿ ಉಲ್ಟಾ.

ನಮ್ಮ ದೇಶದ್ದೇ ಆದ ಇನ್ನೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಅಮೆರಿಕದ ರಿಪೋರ್ಟಿನಲ್ಲಿ ‘ಡಬ್ಲ್ಯೂ/ಓ’ ಅಂದರೆ ‘ವಿದೌಟ್’. ನಮ್ಮ ರಿಪೋರ್ಟಿನ ತಲೆಯಲ್ಲಿ ಅದು ‘ವೈಫ್ ಆಫ್’. ‘ಎಸ್/ಓ’ ಅಂದರೆ ಮೇಲ್ಗಡೆ ‘ಸನ್ ಆಫ್’, ಕೆಳಗಡೆ ಇಂಪ್ರೆಷನ್ನಿನಲ್ಲಿ (ಡಾಕ್ಟರ ಕೊನೇ ಅಭಿಪ್ರಾಯ) ‘ಸಜೆಸ್ಟಿವ್ ಆಫ್’. ‘ಆರ್/ಓ’ ಒಂದು ಕಡೆ ‘ರೆಸಿಡೆಂಟ್ ಆಫ್’, ಇನ್ನೊಂದು ಕಡೆ ‘ರೂಲ್ ಔಟ್’. ವಿದೇಶದಿಂದ ಇಳಿಸಿಕೊಂಡ ಪಟ್ಟಿಯನ್ನು ಹಾಗೇ ಹಾಕಿದ್ದಕ್ಕೆ ಒಂದು ಬ್ಯಾಚಿನಲ್ಲಿ ಮದುವೆಯಾದ ಹೆಂಗಸರಿಗೆ ಮಾತ್ರ ಮೊದಲ ಸಾಲಿನ ಕಾಯಿಲೆ ಕಾಣೆಯಾಗುತ್ತಿತ್ತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಗಂಡನ ಹೆಸರಿನ ಹಿಂದಿನ ‘ಡಬ್ಲ್ಯೂ/ಓ’ ಮುಂದಿನ ಸಾಲಿನ ಕಾಯಿಲೆಯನ್ನೂ ‘ಇಲ್ಲ’ ಮಾಡುತ್ತಿತ್ತು. ಅದಕ್ಕೇ ಯಾವ ನಿಯಮ ಓಡಿಸುವ ಮುಂಚೆಯೂ ರಿಪೋರ್ಟನ್ನು ತಲೆಭಾಗ, ಹಿಸ್ಟರಿ, ಫೈಂಡಿಂಗ್ಸ್, ಇಂಪ್ರೆಷನ್ ಅಂತ ಕತ್ತರಿಸಿಕೊಳ್ಳಿ. ಈ ಒಂದು ಕೆಲಸಕ್ಕೆ ಅರ್ಧ ತೊಂದರೆ ಹೋಗುತ್ತದೆ.

ಅಂಕಿ ಎತ್ತುವ ಕೆಲಸಕ್ಕೆ, ಅಂದರೆ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನ ಇಎಫ್ (ಹೃದಯ ಒಂದು ಬಡಿತಕ್ಕೆ ಎಷ್ಟು ಶೇಕಡಾ ರಕ್ತ ತಳ್ಳುತ್ತದೆ ಅನ್ನೋ ಅಂಕಿ), ಬೈ-ರಾಡ್ಸ್ ಅಂಕಿ, ಗರ್ಭದ ವಾರ, ಹಿಮೋಗ್ಲೋಬಿನ್, ಇಂಥದ್ದಕ್ಕೆಲ್ಲ ನನ್ನ ವೋಟು ಯಾವತ್ತೂ ನಿಯಮಕ್ಕೆ. ಆದರೆ ‘ಇಎಫ್ 60%’ ಅಂತ ಬರೆಯುವ ಬದಲು ‘ಗುಡ್ ಎಲ್‌ವಿ ಫಂಕ್ಷನ್’ ಅಂತ ಮಾತ್ರ ಬರೆಯುವ ಡಾಕ್ಟರು ಇದ್ದೇ ಇರುತ್ತಾರೆ. ಅವರ ರಿಪೋರ್ಟಿಗೆ ಅಂಕಿ ಕಾಲಮ್ ಖಾಲಿ ಇರಲಿ. ಖಾಲಿ ಇರೋದು ತಪ್ಪಲ್ಲ.

ದಾರಿ ಎರಡು: ವೈದ್ಯಕೀಯ ನಿಘಂಟು ಹೊತ್ತು ಬರುವ ಸಾಧನಗಳು

ಕಾಯಿಲೆಯ ಹೆಸರು ನೂರಾರು ಇದ್ದರೆ ಒಂದೊಂದಕ್ಕೂ ನಿಯಮ ಬರೆಯೋಕೆ ಆಗೋದಿಲ್ಲ. ಆಗ ಸಿ-ಟೇಕ್ಸ್ ಥರದ ಸಾಧನ ಬರುತ್ತದೆ. ಮೇಯೊ ಕ್ಲಿನಿಕ್ಕಿನಲ್ಲಿ ಹುಟ್ಟಿ, ಈಗ ಅಪಾಚೆ ಅನ್ನೋ ಮುಕ್ತ ಸಾಫ್ಟ್‌ವೇರ್ ಸಂಸ್ಥೆಯ ಯೋಜನೆಯಾಗಿ ಉಚಿತವಾಗಿ ಸಿಗುತ್ತದೆ. ಜಾವಾದಲ್ಲಿದೆ, ಕೂರಿಸೋಕೆ ಸ್ವಲ್ಪ ತಾಳ್ಮೆ ಬೇಕು. ಪೈಥಾನ್ ಗೊತ್ತಿರುವವರಿಗೆ ಮೆಡ್‌ಸ್ಪೇಸಿ ಮತ್ತು ಸೈಸ್ಪೇಸಿ ಹಗುರ. ಇವು ಪದ ಹುಡುಕಿ ಅದಕ್ಕೊಂದು ಕೋಡ್ ಹಚ್ಚುತ್ತವೆ. ‘ಹಾರ್ಟ್ ಅಟ್ಯಾಕ್’, ‘ಎಂಐ’, ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಮೂರೂ ಒಂದೇ ಕೋಡಿನ ಕೆಳಗೆ ಬರುತ್ತವೆ. ಕೋಡಿಗೆ ಸ್ನೋಮೆಡ್ ಸಿಟಿ ಅನ್ನೋ ಅಂತರರಾಷ್ಟ್ರೀಯ ವೈದ್ಯಕೀಯ ಪದಪಟ್ಟಿ ಬಳಸುವುದು ರೂಢಿ. ಅದರಲ್ಲಿ 3.5 ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿವೆ. ಭಾರತ 2014ರಲ್ಲೇ ಅದರ ಸದಸ್ಯ ದೇಶವಾದ್ದರಿಂದ ಇಲ್ಲಿ ಬಳಸೋಕೆ ದುಡ್ಡು ಕೊಡಬೇಕಾಗಿಲ್ಲ. ಪುಣೆಯ ಸಿ-ಡ್ಯಾಕ್ ಅದನ್ನು ನೋಡಿಕೊಳ್ಳುತ್ತದೆ, ಹೆಸರು ನೋಂದಾಯಿಸಿದರೆ ಆಯಿತು.

ತೊಂದರೆ ಎಲ್ಲಿ? ನಿಘಂಟು ಅಮೆರಿಕದ ನೀರು ಕುಡಿದು ಬೆಳೆದದ್ದು. ನಮ್ಮ ಡಾಕ್ಟರು ಟಿಬಿಗೆ ‘ಕೋಚ್ಸ್’ ಅಂತ ಬರೆಯುತ್ತಾರೆ. 1882ರಲ್ಲಿ ಟಿಬಿ ರೋಗಾಣು ಕಂಡುಹಿಡಿದ ರಾಬರ್ಟ್ ಕೋಚ್ ಹೆಸರು. ಕಾಯಿಲೆಯ ಹೆಸರನ್ನು ರೋಗಿಯ ಎದುರು ಬಾಯಿಬಿಟ್ಟು ಹೇಳಬಾರದು ಅನ್ನೋ ಸಂಕೋಚವೂ ಆ ರೂಢಿಯಲ್ಲಿ ಸೇರಿದೆ ಅಂತ ನನಗನ್ನಿಸುತ್ತದೆ. ‘ಓಲ್ಡ್ ಕೋಚ್ಸ್’, ‘ಪಲ್ಮನರಿ ಕೋಚ್ಸ್’ ಅಂತ ದಿನಾ ನೋಡುತ್ತೇವೆ. ನಿಘಂಟಿಗೆ ನೀವು ಹೇಳಿಕೊಡದಿದ್ದರೆ ಅದು ಯಾರೋ ಮನುಷ್ಯನ ಹೆಸರು ಅಂದುಕೊಂಡು ಮುಂದೆ ಹೋಗಬಹುದು. ‘ಎಂಎಸ್’ ಇನ್ನೊಂದು. ಅಲ್ಲಿಯ ಫೈಲುಗಳಲ್ಲಿ ಅದು ಮಲ್ಟಿಪಲ್ ಸ್ಕ್ಲೆರೋಸಿಸ್ ಆಗಿರಬಹುದು. ನಮ್ಮ ಎಕೋ ರಿಪೋರ್ಟಿನಲ್ಲಿ ಅದು ಮೈಟ್ರಲ್ ಸ್ಟೆನೋಸಿಸ್, ಹೃದಯದ ಕವಾಟ ಕಿರಿದಾಗೋದು. ಬಾಲ್ಯದಲ್ಲಿ ಬರುವ ರುಮ್ಯಾಟಿಕ್ ಜ್ವರದ ಬಾಧೆ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಹಾಗಾಗಿ ಈ ದಾರಿ ಹಿಡಿಯುವವರು ಮೊದಲ ವಾರವನ್ನು ಸ್ಥಳೀಯ ಪಟ್ಟಿ ಮಾಡೋಕೆ ಮೀಸಲಿಡಿ. ನಿಮ್ಮ ಸೆಂಟರಿನ ರಿಪೋರ್ಟುಗಳಲ್ಲಿ ಅತಿ ಹೆಚ್ಚು ಸಲ ಬರುವ ಮುನ್ನೂರು ಸಂಕ್ಷಿಪ್ತ ಪದ ತೆಗೆದು, ಒಬ್ಬ ಡಾಕ್ಟರ ಜೊತೆ ಕೂತು ಅರ್ಥ ಬರೆಸಿಕೊಳ್ಳಿ. ಕಾಫಿ ತರಿಸಿ, ಎರಡು ಗಂಟೆಯ ಕೆಲಸ.

ದಾರಿ ಮೂರು: ಕಲಿಸಿದ ಮಾದರಿ

2018ರಲ್ಲಿ ಗೂಗಲ್‌ನವರು ಬರ್ಟ್ ಅನ್ನೋ ಭಾಷಾ ಮಾದರಿ ತಂದರು. ಅದರ ಬೆನ್ನಲ್ಲೇ ವೈದ್ಯಕೀಯ ಬರಹ ಓದಿಸಿದ ಬಯೋಬರ್ಟ್, ಆಸ್ಪತ್ರೆಯ ಟಿಪ್ಪಣಿ ಓದಿಸಿದ ಕ್ಲಿನಿಕಲ್‌ಬರ್ಟ್ ಬಂದವು. ಎರಡನೆಯದು ಓದಿದ್ದು ಬಾಸ್ಟನ್ನಿನ ಒಂದೇ ಆಸ್ಪತ್ರೆಯಿಂದ ಬಂದ ಮಿಮಿಕ್ ಸಂಗ್ರಹವನ್ನು. ಇಂಥ ಮಾದರಿಗೆ ನಿಮ್ಮ ರಿಪೋರ್ಟುಗಳನ್ನು ಗುರುತು ಹಾಕಿ ತೋರಿಸಿದರೆ, ಆ ಕೆಲಸವನ್ನು ಚೆನ್ನಾಗಿ ಕಲಿಯುತ್ತದೆ. ಸಾವಿರಗಟ್ಟಲೆ ಗುರುತು ಹಾಕಿದ ರಿಪೋರ್ಟ್ ಬೇಕು, ಗುರುತು ಹಾಕೋಕೆ ಡಾಕ್ಟರೇ ಬೇಕು. ಒಂದು ಸಲಕ್ಕೆ 512 ಟೋಕನ್ನಿಗಿಂತ (ಪದ ಅಥವಾ ಪದದ ತುಂಡು) ಜಾಸ್ತಿ ಓದಲ್ಲ, ಉದ್ದದ ಡಿಸ್ಚಾರ್ಜ್ ಸಮ್ಮರಿಯನ್ನು ತುಂಡು ಮಾಡಿ ಕೊಡಬೇಕು. ಪ್ರಶ್ನೆ ಬದಲಾದರೆ ಮತ್ತೆ ಮೊದಲಿನಿಂದ.

ಲಕ್ಷಗಟ್ಟಲೆ ರಿಪೋರ್ಟ್ ಇದ್ದು, ಪ್ರಶ್ನೆ ವರ್ಷಾನುಗಟ್ಟಲೆ ಬದಲಾಗದಿದ್ದರೆ ಮಾತ್ರ ಇದು ಲಾಭ. ಸಣ್ಣ ಸೆಂಟರಿನವರು ಇದಕ್ಕೆ ಕೈ ಹಾಕಬೇಡಿ ಅಂತಲೇ ಹೇಳುತ್ತೇನೆ.

ಈ ಗುಂಪಿನಿಂದ ಕಲಿಯಬೇಕಾದ ಒಂದು ಸಂಗತಿ ಮಾತ್ರ ಎಲ್ಲರಿಗೂ ಬೇಕು. ಸ್ಟ್ಯಾನ್‌ಫರ್ಡಿನವರು 2019ರಲ್ಲಿ ಚೆಕ್ಸ್‌ಪರ್ಟ್ ಅನ್ನೋ ಎಕ್ಸ್‌ರೇ ಸಂಗ್ರಹ ಹೊರಗೆ ಬಿಟ್ಟರು. 65,240 ರೋಗಿಗಳ 2,24,316 ಎದೆ ಚಿತ್ರಗಳು. ರಿಪೋರ್ಟು ಓದಿ 14 ತಲೆಬರಹದ ಕೆಳಗೆ ಗುರುತು ಹಾಕಿದ್ದು ನಿಯಮದ ಸಾಧನವೇ, ಕಲಿಸಿದ ಚೆಕ್ಸ್‌ಬರ್ಟ್ ಬಂದದ್ದು ಆಮೇಲೆ. ಅವರು ‘ಇದೆ’, ‘ಇಲ್ಲ’ ಅಂತ ಎರಡೇ ಖಾನೆ ಇಡಲಿಲ್ಲ. ‘ಇದೆ’, ‘ಇಲ್ಲ’, ‘ಅನುಮಾನ’, ‘ಮಾತೇ ಎತ್ತಿಲ್ಲ’ ಅಂತ ನಾಲ್ಕು ಇಟ್ಟರು. ನಮ್ಮ ಪರೀಕ್ಷಾ ರಿಪೋರ್ಟಿನ ಕೋಚ್ಸ್ ಕೂರೋದು ಮೂರನೇ ಖಾನೆಯಲ್ಲಿ. ನ್ಯುಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ) ಬಗ್ಗೆ ರಿಪೋರ್ಟು ಏನೂ ಹೇಳಿಲ್ಲ, ಅದು ನಾಲ್ಕನೇ ಖಾನೆ. ಎರಡೇ ಖಾನೆ ಇಟ್ಟ ಟೇಬಲನ್ನು ಯಾರಾದರೂ ಮಾರಲು ಬಂದರೆ ಬಾಗಿಲಲ್ಲೇ ಕಳಿಸಿ.

ದಾರಿ ನಾಲ್ಕು: ದೊಡ್ಡ ಭಾಷಾ ಮಾದರಿ

ಈಗ ಎಲ್ಲರ ಬಾಯಲ್ಲೂ ಇದೇ. ರಿಪೋರ್ಟ್ ಕೊಡು, ಬೇಕಾದ ಕಾಲಮ್ಮುಗಳ ಹೆಸರು ಕೊಡು, ಜೇಸನ್ ರೂಪದಲ್ಲಿ (ಪ್ರೋಗ್ರಾಮು ಓದೋಕೆ ಬರುವ ಹೆಸರು-ಬೆಲೆಯ ಪಟ್ಟಿ) ತುಂಬಿಕೊಡು ಅನ್ನು. ಕಲಿಸಬೇಕಾಗಿಲ್ಲ, ನಿಯಮ ಬರೆಯಬೇಕಾಗಿಲ್ಲ. ನಮ್ಮ ನಾಲ್ಕು ಸಾಲಿನ ರಿಪೋರ್ಟನ್ನು ಈಗಿನ ಒಳ್ಳೇ ಮಾದರಿಗಳು ಸಾಮಾನ್ಯವಾಗಿ ಚೆನ್ನಾಗೇ ಬಿಡಿಸುತ್ತವೆ. 8 ಈಗಿನದು, 6 ಹಳೇದು ಅಂತ ತಿಳಿಯುತ್ತವೆ. ಕೋಚ್ಸ್ ಅಂದರೆ ಟಿಬಿ ಅಂತಲೂ ಅನೇಕ ಸಲ ತಿಳಿಯುತ್ತವೆ. ಇಷ್ಟು ಬುದ್ಧಿ ಹಿಂದಿನ ಯಾವ ದಾರಿಗೂ ಇರಲಿಲ್ಲ, ಒಪ್ಪಿಕೊಳ್ಳೋಣ.

ಆದರೆ ಇದು ತಪ್ಪುವ ರೀತಿಯೇ ಬೇರೆ. ನಿಯಮ ತಪ್ಪಿದರೆ ಖಾಲಿ ಬಿಡುತ್ತದೆ, ಇಲ್ಲವೇ ನಗು ಬರುವಂಥ ಉತ್ತರ ಕೊಡುತ್ತದೆ. ಇದು ನಂಬುವಂಥ ತಪ್ಪು ಕೊಡುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ‘ನಾಡ್ಯೂಲಿನ ಗಾತ್ರ’ ಅಂತ ಕಾಲಮ್ ಇಟ್ಟು, ರಿಪೋರ್ಟಿನಲ್ಲಿ ‘ಸ್ಮಾಲ್ ನಾಡ್ಯೂಲ್’ ಅಂತ ಮಾತ್ರ ಇದ್ದರೆ, ನನಗೆ ಒಂದು ಸಲ ‘4 ಎಂಎಂ’ ಅಂತ ತುಂಬಿಕೊಟ್ಟಿತು. ಸಣ್ಣ ನಾಡ್ಯೂಲ್ ಅಂದರೆ 4 ಎಂಎಂ ಇರಬಹುದು ಅಲ್ವಾ? ಇರಬಹುದು. ರಿಪೋರ್ಟಿನಲ್ಲಿ ಮಾತ್ರ ಇರಲಿಲ್ಲ.

ಇದಕ್ಕೆ ನಾನು ಬಳಸುವ ಮದ್ದು ಒಂದಿದೆ. ಪ್ರತಿ ಉತ್ತರದ ಪಕ್ಕದಲ್ಲಿ, ಅದು ರಿಪೋರ್ಟಿನ ಯಾವ ಸಾಲಿನಿಂದ ಬಂತೋ ಆ ಸಾಲನ್ನು ಅಕ್ಷರ ಬದಲಾಯಿಸದೆ ಎತ್ತಿಕೊಡು ಅಂತ ಕೇಳಿ. ಆಮೇಲೆ ಆ ಸಾಲು ನಿಜವಾಗಿ ರಿಪೋರ್ಟಿನಲ್ಲಿ ಇದೆಯಾ ಅಂತ ಸುಮ್ನೆ ಒಂದು ಸಣ್ಣ ಪ್ರೋಗ್ರಾಮಿನಿಂದ ಹೋಲಿಸಿ. ಇಲ್ಲದಿದ್ದರೆ ಆ ಉತ್ತರವನ್ನು ಎಸೆಯಿರಿ. ಅಂಕಿಯಾದರೆ ಆ ಸಾಲಿನೊಳಗೆ ಆ ಅಂಕಿ ಇದೆಯಾ ಅಂತಲೂ ನೋಡಿ. ಮೇಲಿನ ‘4 ಎಂಎಂ’ ಈ ಜರಡಿಯಲ್ಲಿ ಸಿಕ್ಕಿಬೀಳುತ್ತದೆ. ಜೊತೆಗೆ, ‘ರಿಪೋರ್ಟಿನಲ್ಲಿ ಇಲ್ಲದಿದ್ದರೆ ಖಾಲಿ ಬಿಡು’ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಪರೀಕ್ಷೆಯಲ್ಲಿ ಖಾಲಿ ಬಿಡೋಕೆ ಹೆದರುವ ಹುಡುಗನ ಹಾಗೆ ಏನಾದರೂ ಬರೆಯುತ್ತದೆ.

ಈಗ ಮುಖ್ಯ ಆಯ್ಕೆ: ಕ್ಲೌಡ್‌ನಲ್ಲಿ ಓಡಿಸೋದಾ, ನಮ್ಮದೇ ಮಷೀನಿನಲ್ಲಾ?

ಕ್ಲೌಡ್ ಮಾದರಿಗಳಿಗೆ ಬುದ್ಧಿ ಜಾಸ್ತಿ, ಶುರು ಮಾಡೋದು ಸುಲಭ. ಆದರೆ ರೋಗಿಯ ಮಾಹಿತಿ ಹೊರಗೆ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ ಪ್ರಕಾರ ಮಾಹಿತಿಗೆ ಹೊಣೆ ನಿಮ್ಮದು. ಬೇರೆ ಕಂಪನಿಗೆ ಕೆಲಸ ಕೊಟ್ಟರೂ ಹೊಣೆ ಜಾರೋದಿಲ್ಲ. ಸರಿ, ಹೆಸರು ಅಳಿಸಿ ಕಳಿಸೋಣ ಅನ್ನುತ್ತೀರಿ. ಅಮೆರಿಕದ ಹಿಪಾ ಅನ್ನೋ ಆರೋಗ್ಯ ಮಾಹಿತಿ ಗೋಪ್ಯತೆಯ ನಿಯಮದಲ್ಲಿ ಅಳಿಸಬೇಕಾದ ಗುರುತುಗಳ ಪಟ್ಟಿಯಲ್ಲಿ 18 ಬಗೆ ಇವೆ, ಅದನ್ನೇ ಆಧಾರ ಮಾಡಿಕೊಳ್ಳಬಹುದು. ಆದರೆ ನಮ್ಮ ರಿಪೋರ್ಟಿನಲ್ಲಿ ಗಂಡನ ಹೆಸರು, ಅಪ್ಪನ ಹೆಸರು, ಊರು, ಹೋಬಳಿ, 14 ಅಂಕಿಯ ಆಭಾ (ಆರೋಗ್ಯ ಖಾತೆ) ಸಂಖ್ಯೆ ಎಲ್ಲಾ ಇರುತ್ತವೆ. ಹೆಸರು ಅಳಿಸಿದರೂ ಸಣ್ಣ ಊರಿನ ಹೆಸರಿನ ಪಕ್ಕದಲ್ಲಿ ಅಪರೂಪದ ಕಾಯಿಲೆ ಇದ್ದರೆ ಆ ಊರಿನವರಿಗೆ ಯಾರು ಅಂತ ಹೇಳಬೇಕಾಗಿಲ್ಲ. ಇನ್ನೊಂದು: ‘ಕೋಚ್ಸ್’, ‘ಹಾಡ್ಜ್‌ಕಿನ್ಸ್’, ‘ಪಾರ್ಕಿನ್‌ಸನ್ಸ್’ ಮನುಷ್ಯರ ಹೆಸರೇ ಅಲ್ಲವೇ! ಹೆಸರು ಅಳಿಸುವ ಸಾಧನ ಕಾಯಿಲೆಯನ್ನೇ ಅಳಿಸಿ, ರೋಗಿಯ ಹೆಸರು ಬಿಟ್ಟದ್ದನ್ನು ನೋಡಿದ್ದೇನೆ.

ನಮ್ಮದೇ ಮಷೀನಾದರೆ, ಸುಮಾರು 8 ಶತಕೋಟಿ ಪ್ಯಾರಾಮೀಟರಿನ (ಮಾದರಿಯೊಳಗಿನ ಕಲಿತ ಅಂಕಿಗಳು) ತೆರೆದ ಮಾದರಿಯನ್ನು, ಒಂದೊಂದು ಅಂಕಿಗೂ ಕಮ್ಮಿ ಜಾಗ ಸಾಕಾಗುವಂತೆ 4 ಬಿಟ್ಟಿಗೆ ಇಳಿಸಿದರೆ ಐದಾರು ಜಿಬಿ ಆಗುತ್ತದೆ. ಗೇಮ್ ಆಡುವ ಹುಡುಗರ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನಲ್ಲೇ ಓಡುತ್ತದೆ. ದೊಡ್ಡವುಗಳಷ್ಟು ಚುರುಕಲ್ಲ. ಆದರೆ ರಿಪೋರ್ಟಿನಿಂದ ಹತ್ತು ಕಾಲಮ್ ತುಂಬೋಕೆ ಅಷ್ಟು ಚುರುಕು ಬೇಕಾಗಿಯೂ ಇಲ್ಲ. ಕ್ಲೌಡ್ ಕಂಪನಿ ಒಂದು ದಿನ ಮಾದರಿ ಬದಲಾಯಿಸಿದರೆ ನಿಮ್ಮ ಉತ್ತರಗಳೂ ಹೇಳದೆ ಕೇಳದೆ ಬದಲಾಗುತ್ತವೆ. ಇಲ್ಲಿ ಆ ಭಯ ಇಲ್ಲ, ನೀವು ಇಟ್ಟದ್ದೇ ಇರುತ್ತದೆ. ಆಸ್ಪತ್ರೆಗೆ ನನ್ನ ಸಲಹೆ ಇದೇ.

ಕನ್ನಡ ಬಂದಾಗ

ನಮ್ಮ ಸ್ಕ್ಯಾನ್ ರಿಪೋರ್ಟೆಲ್ಲ ಇಂಗ್ಲಿಷೇ. ಆದರೆ ರೋಗಿ ಹೇಳಿದ ಮಾತು, ಮನೆ ಭೇಟಿಯ ಟಿಪ್ಪಣಿ, ಧ್ವನಿಯಿಂದ ಬರೆಸಿದ್ದು, ಇವುಗಳಲ್ಲಿ ಕನ್ನಡ ಬರುತ್ತದೆ. ಆಗ ಇಂಗ್ಲಿಷಿನ ನಿಯಮ ತಲೆಕೆಳಗಾಗುತ್ತದೆ. ಇಂಗ್ಲಿಷಿನಲ್ಲಿ ‘ನೋ’ ಮೊದಲು, ಕಾಯಿಲೆ ಆಮೇಲೆ. ನಮ್ಮಲ್ಲಿ ‘ಕೆಮ್ಮು, ದಮ್ಮು, ಜ್ವರ ಏನೂ ಇಲ್ಲ’. ಕೊನೇ ಪದ ಬಂದು ಹಿಂದಿನ ಮೂರನ್ನೂ ಅಳಿಸುತ್ತದೆ. ‘ಕೆಮ್ಮು ಇದೆ, ಕಫ ಇಲ್ಲ’ ಅಂದಾಗ ಒಂದನ್ನೇ ಅಳಿಸುತ್ತದೆ.

‘ಬಿಡು’ ಅನ್ನೋ ಪದ ಇನ್ನೂ ಮಜಾ. ‘ಜ್ವರ ಬಿಟ್ಟಿದೆ’ ಅಂದರೆ ಹೋಗಿದೆ. ‘ಜ್ವರ ಬಿಟ್ಟು ಬಿಟ್ಟು ಬರ್ತಿದೆ’ ಅಂದರೆ ಇದೆ, ಆಗಾಗ. ‘ಮಾತ್ರೆ ಬಿಟ್ಟಿದ್ದಾರೆ’ ಅಂದರೆ ನಿಲ್ಲಿಸಿದ್ದಾರೆ. ‘ಶುಗರ್ ಬಿಟ್ಟು ಬೇರೇನೂ ಇಲ್ಲ’ ಅಂದರೆ ಶುಗರ್ ಇದೆ! ಇಲ್ಲಿ ನಿಯಮ ಬರೆಯುತ್ತಾ ಕೂತರೆ ತಲೆ ಬಿಳಿಯಾಗುತ್ತದೆ. ಮೇಲೆ ಹೇಳಿದ ನಿಘಂಟು ಸಾಧನಗಳು ಕನ್ನಡಕ್ಕೆ ಕೆಲಸಕ್ಕೇ ಬರೋದಿಲ್ಲ. ಅಮೆಜಾನಿನ ಕಾಂಪ್ರಹೆಂಡ್ ಮೆಡಿಕಲ್ ಸೇವೆ ಕೂಡ ಇಂಗ್ಲಿಷ್ ಮಾತ್ರ ಓದುತ್ತದೆ. ಕನ್ನಡ ಟಿಪ್ಪಣಿಗೆ ಸದ್ಯ ಉಳಿಯೋದು ದೊಡ್ಡ ಮಾದರಿ ಒಂದೇ, ಅದರ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ನರ್ಸೋ ಡಾಕ್ಟರೋ ಇರಬೇಕು.

ಯಾವುದು ಗೆದ್ದಿತು ಅಂತ ಹೇಗೆ ತಿಳಿಯೋದು

ಮಾರುವವರು ‘98 ಶೇಕಡಾ ಸರಿ’ ಅನ್ನುತ್ತಾರೆ. 1,000 ರಿಪೋರ್ಟಿನಲ್ಲಿ 20ರಲ್ಲಿ ಮಾತ್ರ ಕಾಯಿಲೆ ಇದೆ ಅಂದುಕೊಳ್ಳಿ. ರಿಪೋರ್ಟ್ ತೆರೆಯದೆ ಎಲ್ಲದಕ್ಕೂ ‘ಇಲ್ಲ’ ಅಂತ ಬರೆದವನೂ 980ರಲ್ಲಿ ಸರಿ. ಅವನದ್ದೂ 98 ಶೇಕಡಾ. ಆದ್ದರಿಂದ ಎರಡು ಬೇರೆ ಪ್ರಶ್ನೆ ಕೇಳಿ. ಇದೆ ಅಂತ ಹೇಳಿದ್ದರಲ್ಲಿ ನಿಜವಾಗಿ ಎಷ್ಟು ಇತ್ತು? ನಿಜವಾಗಿ ಇದ್ದದ್ದರಲ್ಲಿ ಎಷ್ಟು ಹಿಡಿಯಿತು? ಮೊರದಲ್ಲಿ ಅಕ್ಕಿ ಕೇರುವ ಅಜ್ಜಿಗೆ ಈ ಎರಡೂ ಗೊತ್ತು. ಕಲ್ಲು ಒಂದೂ ಉಳಿಯಬಾರದು ಅಂದರೆ ಸ್ವಲ್ಪ ಅಕ್ಕಿಯೂ ಹೋಗುತ್ತದೆ. ಅಕ್ಕಿ ಒಂದು ಕಾಳೂ ಹೋಗಬಾರದು ಅಂದರೆ ಹಲ್ಲಿಗೆ ಕಲ್ಲು ಸಿಗುತ್ತದೆ.

ಅಳೆಯೋಕೆ 200 ರಿಪೋರ್ಟ್ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿ. ಇಬ್ಬರು ಬೇರೆ ಬೇರೆ ಕೂತು ಕೈಯಲ್ಲಿ ಗುರುತು ಹಾಕಲಿ. ಇಬ್ಬರಿಗೂ ಎಲ್ಲಿ ಭಿನ್ನಾಭಿಪ್ರಾಯ ಬಂತು ಅಂತ ನೋಡಿ. ‘ಲೈಕ್ಲಿ ಇನ್ಫೆಕ್ಟಿವ್’ ಅಂದರೆ ‘ಇದೆ’ಯೋ ‘ಅನುಮಾನ’ವೋ? ಇಬ್ಬರು ಮನುಷ್ಯರೇ ಒಪ್ಪದ ಜಾಗದಲ್ಲಿ ಮಷೀನಿಗೆ ಬೈದು ಪ್ರಯೋಜನವಿಲ್ಲ. ಮೊದಲು ಕಾಲಮ್ಮಿನ ಅರ್ಥವನ್ನು ಬರೆದಿಡಿ.

ಯಾರಿಗೆ ಯಾವುದು

ಥೀಸಿಸ್ಸಿಗೆ 300 ರಿಪೋರ್ಟ್ ಬೇಕಾದ ಪಿಜಿ ವಿದ್ಯಾರ್ಥಿಗೆ: ಏನೂ ಬೇಡಮ್ಮಾ, ಕೈಯಲ್ಲೇ ಓದು. ಒಂದಕ್ಕೆ 3 ನಿಮಿಷ ಅಂದರೂ 15 ಗಂಟೆ. ಸಾಫ್ಟ್‌ವೇರ್ ಕೂರಿಸೋಕೆ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಓದುವಾಗ ಕಾಯಿಲೆಯೂ ಅರ್ಥವಾಗುತ್ತದೆ.

ನಾಡ್ಯೂಲ್ ಕಂಡ ರೋಗಿಯನ್ನು ಆರು ತಿಂಗಳಿಗೆ ವಾಪಸ್ ಕರೆಸಬೇಕು ಅನ್ನುವ ಸೆಂಟರಿಗೆ: ಒಬ್ಬರೂ ತಪ್ಪಿಹೋಗಬಾರದು. ನಿಯಮ ಮತ್ತು ಸ್ಥಳೀಯ ದೊಡ್ಡ ಮಾದರಿ ಎರಡನ್ನೂ ಓಡಿಸಿ. ಯಾವುದಾದರೂ ಒಂದು ‘ಇದೆ’ ಅಂದರೂ ಪಟ್ಟಿಗೆ ಸೇರಿಸಿ, ರಿಸೆಪ್ಷನ್ನಿನ ಸಿಸ್ಟರ್ ಫೋನ್ ಮಾಡುವ ಮುಂಚೆ ಡಾಕ್ಟರು ಒಮ್ಮೆ ಕಣ್ಣಾಡಿಸಲಿ. ಹತ್ತು ಸುಳ್ಳು ಎಚ್ಚರಿಕೆ ಬಂದರೆ ಹತ್ತು ನಿಮಿಷ ಹೋಯಿತು, ಅಷ್ಟೇ.

ಕ್ಯಾನ್ಸರ್ ನೋಂದಣಿಯಂಥ ಕೆಲಸಕ್ಕೆ ಇದರ ಉಲ್ಟಾ. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಶುರುವಾದಾಗಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅದರಲ್ಲಿದೆ. 1982ರಿಂದ ಅಲ್ಲಿ ಸಿಬ್ಬಂದಿ ಪೆಥಾಲಜಿ ರಿಪೋರ್ಟ್ ಓದಿ ಕೋಡ್ ಹಾಕುತ್ತಾ ಬಂದಿದ್ದಾರೆ. ಒಂದು ತಪ್ಪು ಕೋಡ್ ಇಡೀ ನಗರದ ಲೆಕ್ಕಕ್ಕೆ ಸೇರುತ್ತದೆ. ಇಂಥಲ್ಲಿ ಮಷೀನು ಕೋಡ್ ಸೂಚಿಸಲಿ, ಸಾಲು ತೋರಿಸಲಿ, ಒತ್ತುವ ಬೆರಳು ಮನುಷ್ಯರದ್ದೇ ಇರಲಿ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿಗೆ (ಎಬಿಡಿಎಂ) ಸೇರಬೇಕಾದ ಆಸ್ಪತ್ರೆಗೆ ಒಂದು ಎಚ್ಚರಿಕೆ. ಅದು ಫೈರ್ (ಎಫ್‌ಎಚ್‌ಐಆರ್) ಅನ್ನೋ, ಆರೋಗ್ಯ ದಾಖಲೆ ವಿನಿಮಯದ ನಮೂನೆಯಲ್ಲಿ ದಾಖಲೆ ಕೇಳುತ್ತದೆ. ಆದರೆ ಆ ಲಕೋಟೆಯೊಳಗೆ ಪಿಡಿಎಫನ್ನೇ ಇಟ್ಟು ಕಳಿಸಲೂ ಬರುತ್ತದೆ. ‘ನಮ್ಮದು ಎಬಿಡಿಎಂ ಹೊಂದಾಣಿಕೆ ಇದೆ’ ಅನ್ನುವ ಮಾರಾಟಗಾರರನ್ನು, ಒಳಗೆ ಕಾಲಮ್ ಇದೆಯಾ ಪಿಡಿಎಫ್ ಇದೆಯಾ ಅಂತ ಕೇಳಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಆ ಎಫ್ಯೂಷನ್ ಲೆಕ್ಕ ಏನಾಯಿತು ಅಂತೀರಾ? ಕೊನೆಗೆ ನೆಗ್‌ಎಕ್ಸ್ ಥರದ ನಿಯಮದಲ್ಲೇ ಎರಡು ದಿನದಲ್ಲಿ ಮುಗಿಸಿದೆ. ಕೈಯಲ್ಲಿ ತಾಳೆ ನೋಡುವಾಗ ಒಂದು ರಿಪೋರ್ಟ್ ಮಾತ್ರ ಹಠ ಹಿಡಿಯಿತು. ಡಾಕ್ಟರು ಇಲ್ಲ ಅಂತಲೇ ಬರೆದಿದ್ದಾರೆ, ಪ್ರೋಗ್ರಾಮು ಇದೆ ಅನ್ನುತ್ತಿದೆ. ಪಿಡಿಎಫ್ ತೆರೆದೆ. ಮೊದಲ ಪುಟದ ಕೊನೇ ಪದ ‘ನೋ’. ಎರಡನೇ ಪುಟದ ಮೊದಲ ಪದ ‘ಪ್ಲೂರಲ್ ಎಫ್ಯೂಷನ್’. ನಡುವೆ ಸೆಂಟರಿನ ವಿಳಾಸ, ಎರಡು ಫೋನ್ ನಂಬರ್, ಮತ್ತು ‘ಭಾನುವಾರವೂ ತೆರೆದಿರುತ್ತದೆ’ ಅನ್ನೋ ಸಾಲು.